ದಪ್ಪ ಕಾರ್ಡಿಗೆ ಒಗ್ಗುವ ಮನೆ ಪ್ರಿಂಟರ್: ಆಮಂತ್ರಣ ಪತ್ರಿಕೆ ಮಾಡುವ ಅಕ್ಕನೊಬ್ಬರ ಪ್ರಕರಣ

ಪ್ರಿಂಟರ್ ರಿಪೇರಿ ನನ್ನ ಕಸುಬು. ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿ ಅಂಗಡಿ. ‘ದಪ್ಪ ಕಾರ್ಡ್ ಹಾಕಿದೆವು, ಸಿಕ್ಕಿಕೊಂಡಿತು’ ಎಂದು ಪ್ರಿಂಟರ್ ಹೊತ್ತು ತರುವವರು ವರ್ಷವಿಡೀ ಬರುತ್ತಾರೆ. ಅವರಲ್ಲಿ ಒಬ್ಬರ ಪ್ರಕರಣವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಅವರು ಮೂರು ತಿಂಗಳು ಸಮಾಧಾನದಿಂದ ಪ್ರಯೋಗ ಮಾಡಿ, ಪ್ರತಿಯೊಂದು ಸೋಲಿಗೂ ಕಾರಣ ಹುಡುಕಿ, ಆಮೇಲೆ ಕೊಂಡವರು. ಊರು, ಹೆಸರು, ಅವರ ಬಳಿಯಿದ್ದ ಪ್ರಿಂಟರ್‌ಗಳ ಕಂಪನಿ ಯಾವುದನ್ನೂ ಹೇಳುವುದಿಲ್ಲ. ನನಗಿಂತ ಹಿರಿಯರು, ನಾನು ಕರೆಯುವುದು ‘ಅಕ್ಕ’ ಎಂದು. ಬರಹದಲ್ಲೂ ಹಾಗೆಯೇ ಇರಲಿ.

ಹಿನ್ನೆಲೆ

ಅಕ್ಕ ಮೊದಲು ಶಾಲೆಯೊಂದರಲ್ಲಿ ಚಿತ್ರಕಲೆ ಹೇಳಿಕೊಡುತ್ತಿದ್ದರು. ಆ ಕೆಲಸ ಬಿಟ್ಟ ಮೇಲೆ ನಾಮಕರಣ, ಸೀಮಂತ, ಗೃಹಪ್ರವೇಶ, ಉಪನಯನಗಳ ಪತ್ರಿಕೆ ಮಾಡಿಕೊಡತೊಡಗಿದರು. ಮದುವೆಗೆ ಐನೂರು, ಸಾವಿರ ಪತ್ರಿಕೆ ಬೇಕಾದವರು ಸ್ಕ್ರೀನ್ ಪ್ರಿಂಟಿಂಗ್‌ನವರ ಹತ್ತಿರ, ಆಫ್‌ಸೆಟ್ ಪ್ರೆಸ್ಸಿಗೆ ಹೋಗುತ್ತಾರೆ. ನಾಮಕರಣಕ್ಕೆ ನಲವತ್ತು ಪತ್ರಿಕೆ ಸಾಕು ಎನ್ನುವವರನ್ನು ಅಲ್ಲಿ ಯಾರೂ ಆದರಿಸುವುದಿಲ್ಲ. ಅಕ್ಕನ ಗಿರಾಕಿಗಳು ಅವರೇ. ಒಂದೊಂದು ಪತ್ರಿಕೆಗೂ ಹಸೆಚಿತ್ತಾರದ ಅಂಚು, ಬಾಳೆಕಂಬ, ತೊಟ್ಟಿಲು ಇತ್ಯಾದಿಗಳನ್ನು ಕೈಯಲ್ಲೇ ಬರೆದು, ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುತ್ತಿದ್ದರು.

ಮುದ್ರಣಕ್ಕೆ ಜಿಲ್ಲಾ ಕೇಂದ್ರದ ಡಿಜಿಟಲ್ ಪ್ರೆಸ್ಸಿಗೆ ಹೋಗಬೇಕಿತ್ತು. ಬಸ್ಸಿನಲ್ಲಿ ಹೋಗಿ ಬರಲು ಒಂದು ದಿನ. ಒಮ್ಮೆ ಅಜ್ಜನ ಹೆಸರಿನ ಒಂದು ದೀರ್ಘ ತಪ್ಪಿಹೋಗಿ, ಅರವತ್ತು ಪತ್ರಿಕೆಗಾಗಿ ಎರಡನೇ ಸಲ ಬಸ್ ಹತ್ತಿದರು. ಅವತ್ತೇ ಮನೆಯಲ್ಲಿ ಮುದ್ರಿಸಿಕೊಳ್ಳುವ ತೀರ್ಮಾನ ಮಾಡಿದ್ದು. ಗಿರಾಕಿಗಳು ಇಷ್ಟಪಡುತ್ತಿದ್ದದ್ದು ಕೈಗೆ ಗಟ್ಟಿಯಾಗಿ ಸಿಗುವ, ಸ್ವಲ್ಪ ಒರಟು ಮೈಯ ಕಾರ್ಡು. ಅಂಗಡಿಯವನು ಅದನ್ನು ‘300 ಜಿಎಸ್‌ಎಂ ಟೆಕ್ಸ್ಚರ್ ಶೀಟ್’ ಎಂದು ಮಾರುತ್ತಿದ್ದ (ಜಿಎಸ್‌ಎಂ ಎಂದರೆ ಕಾಗದದ ತೂಕದ ಅಳತೆ).

ಮೊದಲ ಪ್ರಯತ್ನ, ಮನೆಯಲ್ಲಿದ್ದ ಪ್ರಿಂಟರ್

ಮಕ್ಕಳ ಶಾಲೆಯ ಕೆಲಸಕ್ಕೆಂದು ತಂದಿದ್ದ ಇಂಕ್ ಟ್ಯಾಂಕ್ ಪ್ರಿಂಟರ್ ಮನೆಯಲ್ಲಿತ್ತು. ಮುಂದಿನ ತಟ್ಟೆಯಲ್ಲಿ ಕಾಗದ ಇಡಬೇಕು. ಅದು ಒಳಗೆ ಹೋಗಿ, ಹಿಂಭಾಗದಲ್ಲಿ ಪೂರ್ತಿ ಹೊರಳಿ, ಮತ್ತೆ ಮುಂದೆಯೇ ಹೊರಬರುತ್ತದೆ. ಪುಸ್ತಕದ ರಟ್ಟನ್ನು ಬಳೆಯ ಸುತ್ತ ಬಗ್ಗಿಸಲು ಹೋದರೆ ಏನಾದೀತೋ ಅಲ್ಲಿಯೂ ಅದೇ ಆಯಿತು. ರೋಲರ್ ಕಾರ್ಡನ್ನು ಎಳೆಯಲು ನೋಡುತ್ತದೆ, ಕಾರ್ಡು ಬಾಗುವುದಿಲ್ಲ, ರಬ್ಬರ್ ಜಾರುತ್ತದೆ, ‘ಕಾಗದ ಇಲ್ಲ’ ಎಂದು ಪರದೆಯಲ್ಲಿ ಬರುತ್ತದೆ. ಅಕ್ಕ ಕೈಯಿಂದ ತಳ್ಳಿಕೊಟ್ಟರು. ಕಾರ್ಡು ಒಳಗೆ ಹೋಗಿ ಸಿಕ್ಕಿಕೊಂಡಿತು. ಪ್ರಿಂಟರ್ ನನ್ನ ಅಂಗಡಿಗೆ ಬಂತು.

ಬಿಚ್ಚಿ ನೋಡಿದಾಗ ರೋಲರ್ ಮೇಲೆ ಗೋದಿಹಿಟ್ಟು ಉದುರಿಸಿದಂತೆ ಬಿಳಿ ಪುಡಿ ಕೂತಿತ್ತು. ಒರಟು ಕಾರ್ಡಿನ ಮೈಯಿಂದ ಉದುರಿದ ಕಾಗದದ ಧೂಳು ಅದು. ರಬ್ಬರಿನ ಹಿಡಿತ ಹೋಗಲು ಇಷ್ಟೇ ಸಾಕು. ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಿದೆ, ತೆಳುವಾದ ಕಾರ್ಡು ಹಾಕಿ ನೋಡಿ ಎಂದು ಹೇಳಿ ಕಳಿಸಿದೆ.

ತೆಳುವಾದ ಕಾರ್ಡು ಹೋಯಿತು, ಆದರೆ ಅಂಚಿನಲ್ಲಿ ಮಸಿ ಒರೆಸಿಕೊಳ್ಳುತ್ತಿತ್ತು. ಸೆಟ್ಟಿಂಗ್ ಬದಲಿಸಿ ನೋಡುತ್ತಾ, ಕಾಗದದ ಬಗೆಯಲ್ಲಿ ‘ಫೋಟೋ ಪೇಪರ್’ ಆರಿಸಿದರೆ ಪ್ರಿಂಟರ್ ನಿಧಾನವಾಗಿ, ಅಚ್ಚುಕಟ್ಟಾಗಿ ಮುದ್ರಿಸುತ್ತದೆ ಎಂಬುದನ್ನು ಅಕ್ಕ ಕಂಡುಕೊಂಡರು. ನಾಮಕರಣದ ನಲವತ್ತು ಪತ್ರಿಕೆ ಹಾಗೆಯೇ ಮುದ್ರಿಸಿ ಕೊಟ್ಟರು.

ಎರಡು ದಿನದ ನಂತರ ಗಿರಾಕಿ ಪತ್ರಿಕೆ ಹಿಡಿದು ವಾಪಸು ಬಂದರು. ಶುಭಕಾರ್ಯದ ಪತ್ರಿಕೆಗೆ ನಾವು ನಾಲ್ಕು ಮೂಲೆಗೂ ಅರಿಶಿನ ಹಚ್ಚುತ್ತೇವೆ. ಅವರ ಮನೆಯಲ್ಲಿ ನೀರಿನಲ್ಲಿ ಕಲಸಿದ ಅರಿಶಿನ ಹಚ್ಚಿದ್ದರು. ಕೆಂಪು ಅಂಚು ಕರಗಿ ಕಿತ್ತಳೆಯಾಗಿ ಒಳಗೆ ಹರಿದಿತ್ತು. ಮೂಲೆಗೆ ಹತ್ತಿರವಿದ್ದ ‘ಶ್ರೀ’ಕಾರ ಕಪ್ಪು ಮೋಡದಂತೆ ಹರಡಿತ್ತು. ಮಗುವಿನ ನಾಮಕರಣದ ಪತ್ರಿಕೆ ಅದು. ಅಕ್ಕ ದುಡ್ಡು ಹಿಂದಿರುಗಿಸಿದರು. ಆ ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದ ಪ್ರಶ್ನೆ ಮಾತ್ರ ಬಹಳ ಚುರುಕಾಗಿತ್ತು: “ಇದೇ ಪ್ರಿಂಟರಿನಲ್ಲಿ ತೆಳು ಕಾಗದಕ್ಕೆ ಮುದ್ರಿಸಿದ ಕಪ್ಪು ಅಕ್ಷರ ನೀರು ಬಿದ್ದರೂ ಅಳಿಸುವುದಿಲ್ಲ ತಮ್ಮಾ. ಕಾರ್ಡಿನ ಮೇಲೆ ಯಾಕೆ ಅಳಿಸಿತು?”

ಉತ್ತರ ಇದ್ದದ್ದು ಅವರು ಬದಲಿಸಿದ ಸೆಟ್ಟಿಂಗಿನಲ್ಲಿ. ಇಂಥ ಬಹಳಷ್ಟು ಪ್ರಿಂಟರ್‌ಗಳಲ್ಲಿ ಕಪ್ಪು ಮಸಿ ಪಿಗ್ಮೆಂಟ್, ಬಣ್ಣದ ಮಸಿಗಳು ಡೈ. ಪಿಗ್ಮೆಂಟ್ ಎಂದರೆ ಸಣ್ಣ ಕಣಗಳು, ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ಡೈ ಎಂದರೆ ನೀರಿನಲ್ಲಿ ಕರಗಿದ ಬಣ್ಣ, ಮತ್ತೆ ನೀರು ಸಿಕ್ಕರೆ ಮತ್ತೆ ಕರಗುತ್ತದೆ. ಸಾದಾ ಕಾಗದ ಎಂದು ಹೇಳಿದಾಗ ಪ್ರಿಂಟರ್ ಪಿಗ್ಮೆಂಟ್ ಕಪ್ಪನ್ನು ಬಳಸುತ್ತದೆ. ಫೋಟೋ ಪೇಪರ್ ಎಂದಾಗ ಹಲವು ಮಾದರಿಗಳು ಅದನ್ನು ಬದಿಗಿಟ್ಟು ಮೂರು ಬಣ್ಣ ಬೆರೆಸಿ ಕಪ್ಪು ಮಾಡುತ್ತವೆ, ಹೊಳಪು ಕಾಗದದ ಮೇಲೆ ಪಿಗ್ಮೆಂಟ್ ಕಪ್ಪು ನೆಟ್ಟಗೆ ಕೂರುವುದಿಲ್ಲ ಎಂಬ ಕಾರಣಕ್ಕೆ. ಕಾರ್ಡು ಚೆನ್ನಾಗಿ ಹೋಗಲಿ ಎಂದು ಮಾಡಿದ ಆಯ್ಕೆ ಮಸಿಯನ್ನೇ ಬದಲಿಸಿಬಿಟ್ಟಿತ್ತು.

ಈ ಪ್ರಕರಣದ ಮೊದಲ ತಿರುವು ಇದು. ಅಲ್ಲಿಯವರೆಗೆ ಅಕ್ಕ ಹುಡುಕುತ್ತಿದ್ದದ್ದು ‘ದಪ್ಪ ಕಾರ್ಡು ತೆಗೆದುಕೊಳ್ಳುವ ಪ್ರಿಂಟರ್’. ಆಮೇಲೆ ಹುಡುಕಿದ್ದು ‘ದಪ್ಪ ಕಾರ್ಡಿನ ಮೇಲೆ ಅರಿಶಿನ ನೀರಿಗೆ ನಿಲ್ಲುವ ಮಸಿ ಕೂರಿಸುವ ಪ್ರಿಂಟರ್’.

ಎರಡನೇ ಪ್ರಯತ್ನ, ಎರವಲು ಲೇಸರ್

ನೀರಿಗೆ ಅಳಿಸಬಾರದು ಎಂದರೆ ಲೇಸರ್ ಎಂದು ಎಲ್ಲರೂ ಹೇಳುತ್ತಾರೆ, ಸರಿಯೇ. ಟೋನರ್ ಎನ್ನುವುದು ಪ್ಲಾಸ್ಟಿಕ್ ಬೆರೆತ ಪುಡಿ, ಬಿಸಿಯಲ್ಲಿ ಕರಗಿ ಕಾಗದಕ್ಕೆ ಅಂಟುತ್ತದೆ. ಕೊಳ್ಳುವ ಮುಂಚೆ ಎರವಲು ತಂದು ನೋಡೋಣ ಎಂದೆ. ಪರಿಚಯದ ಲೆಕ್ಕಪರಿಶೋಧಕರ ಕಚೇರಿಯಿಂದ ಎರಡು ವಾರದ ಮಟ್ಟಿಗೆ ಒಂದು ಕಪ್ಪು-ಬಿಳುಪು ಲೇಸರ್ ಬಂತು. ಅದರ ಮುಂಭಾಗದಲ್ಲಿ ಒಂದೊಂದೇ ಕಾಗದ ತೂರಿಸುವ ಕಿಂಡಿ, ಹಿಂಭಾಗದ ಬಾಗಿಲು ತೆರೆದಿಟ್ಟರೆ ಕಾರ್ಡು ಹೆಚ್ಚುಕಡಿಮೆ ನೇರವಾಗಿ ಹಿಂದಕ್ಕೆ ಬೀಳುತ್ತದೆ. ಕೈಪಿಡಿಯಲ್ಲಿ 220 ಜಿಎಸ್‌ಎಂ ವರೆಗೆ ಎಂದಿತ್ತು.

ಕಾರ್ಡು ಸಲೀಸಾಗಿ ಹೋಯಿತು. ಅಕ್ಷರಗಳಂತೂ ಕಣ್ಣಿಗೆ ಹಬ್ಬ. ಕನ್ನಡದಲ್ಲಿ ಸಣ್ಣ ಗಾತ್ರದ ಅಕ್ಷರಕ್ಕೆ ನಿಜವಾದ ಪರೀಕ್ಷೆ ಒತ್ತಕ್ಷರ. ‘ಲಕ್ಷ್ಮೀ’ ಎಂಬಲ್ಲಿ ಮ ಒತ್ತಿನ ಹೊಟ್ಟೆ ಮುಚ್ಚಿಹೋಗದೆ ಉಳಿಯಬೇಕು. ‘ಜ್ಯೇಷ್ಠ’ದ ಠ ಒತ್ತು ಚುಕ್ಕೆಯಾಗಬಾರದು. ಲೇಸರಿನಲ್ಲಿ ಒಂಬತ್ತು ಪಾಯಿಂಟಿನಲ್ಲೂ ಎಲ್ಲ ಸ್ಪಷ್ಟವಾಗಿತ್ತು. ಅರಿಶಿನ ಹಚ್ಚಿದರೂ ಏನೂ ಆಗಲಿಲ್ಲ.

ಆದರೆ ಉಗುರಿನಿಂದ ಕೆರೆದರೆ ಅಕ್ಷರ ಹಕ್ಕಳೆಯಾಗಿ ಏಳುತ್ತಿತ್ತು. ಲೇಸರಿನ ಫ್ಯೂಸರ್ 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕಾದು ಟೋನರನ್ನು ಕರಗಿಸುತ್ತದೆ. ದಪ್ಪ ಕಾರ್ಡು ಆ ಬಿಸಿಯನ್ನು ತಾನೇ ಹೀರಿಕೊಳ್ಳುತ್ತದೆ, ಪುಡಿಗೆ ಸಾಕಷ್ಟು ಉಳಿಯುವುದಿಲ್ಲ. ಸೆಟ್ಟಿಂಗಿನಲ್ಲಿ ‘ದಪ್ಪ ಕಾಗದ’ ಆರಿಸಿದೆವು. ಕಾರ್ಡು ನಿಧಾನವಾಗಿ ಸಾಗಿತು, ಟೋನರ್ ಗಟ್ಟಿಯಾಗಿ ಕೂತಿತು. ಮಡಿಕೆಯ ಗೆರೆಯಲ್ಲಿ ಮಾತ್ರ ಬಿರುಕು ತಪ್ಪಲಿಲ್ಲ, ಅಲ್ಲಿದ್ದ ಅಂಚಿನ ಬಳ್ಳಿ ತುಂಡಾಗಿ ಕಾಣುತ್ತಿತ್ತು. ಒರಟು ಕಾರ್ಡಿನ ತಗ್ಗುಗಳಿಗೆ ಟೋನರ್ ಇಳಿಯದೆ ಅಚ್ಚು ಬಿಳಿ ಚುಕ್ಕೆಚುಕ್ಕೆಯಾಯಿತು. ಮಿನುಗುವ ಪ್ಲಾಸ್ಟಿಕ್ ಲೇಪದ ಹಾಳೆಯನ್ನು ಹಾಕಿ ನೋಡಲೇ ಎಂದು ಅಕ್ಕ ಕೇಳಿದಾಗ ನಾನು ಬೇಡವೇ ಬೇಡ ಎಂದೆ. ಆ ಲೇಪ ಬಿಸಿಗೆ ಕರಗಿ ಫ್ಯೂಸರಿಗೆ ಅಂಟಿಕೊಂಡರೆ ಎರವಲು ತಂದ ಯಂತ್ರವೇ ಕೆಟ್ಟೀತು.

ಎಲ್ಲಕ್ಕಿಂತ ದೊಡ್ಡ ಕೊರತೆ ಬಣ್ಣದ್ದು. ಕುಂಕುಮದ ಕೆಂಪು ಇಲ್ಲದ ಶುಭಪತ್ರಿಕೆಯನ್ನು ನಮ್ಮ ಕಡೆ ಯಾರೂ ಒಪ್ಪುವುದಿಲ್ಲ, ಬರೀ ಕಪ್ಪಿನಲ್ಲಿ ಅಚ್ಚಾದರೆ ವೈಕುಂಠ ಸಮಾರಾಧನೆಯ ಪತ್ರಿಕೆಯಂತೆ ಕಾಣುತ್ತದೆ. ಬಣ್ಣದ ಲೇಸರ್ ಅಕ್ಕನ ಇಪ್ಪತ್ತೈದು ಸಾವಿರದ ಮಿತಿಯನ್ನು ದಾಟುತ್ತಿತ್ತು. ಲೇಸರ್ ಮಾಲೀಕರ ಮನೆಗೆ ಹಿಂದಿರುಗಿತು. ಎರಡು ವಾರ ವ್ಯರ್ಥವಾಯಿತೆಂದು ನನಗೆ ಅನ್ನಿಸಿಲ್ಲ. ಕೊಂಡು ಪಶ್ಚಾತ್ತಾಪ ಪಡುವುದು ತಪ್ಪಿತು.

ತಕ್ಕಡಿ ಹೇಳಿದ ಸತ್ಯ

ಆಷಾಢ ಬಂತು. ಶುಭಕಾರ್ಯಗಳಿಲ್ಲ, ಆರ್ಡರ್ ಇಲ್ಲ, ಅಕ್ಕನಿಗೆ ಬಿಡುವು. ಒಂದು ಮಧ್ಯಾಹ್ನ ಕಾರ್ಡಿನ ಕಟ್ಟು ಹಿಡಿದು ಬಂದರು. ನಾನು ಅವರಿಗೆ ಪ್ರೆಸ್ಸಿನವರ ಹಳೆಯ ಲೆಕ್ಕವೊಂದನ್ನು ತೋರಿಸಿದೆ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ. ಎ0 ಹಾಳೆ ಸರಿಯಾಗಿ ಒಂದು ಚದರ ಮೀಟರ್. ಅದನ್ನು ನಾಲ್ಕು ಸಲ ಅರ್ಧ ಮಾಡಿದರೆ ಎ4, ಅಂದರೆ ಹದಿನಾರನೇ ಒಂದು ಭಾಗ. ಹದಿನಾರು ಎ4 ಹಾಳೆಗಳನ್ನು ತಕ್ಕಡಿಗೆ ಹಾಕಿದರೆ ಬರುವ ಗ್ರಾಂ ಸಂಖ್ಯೆಯೇ ಆ ಕಾಗದದ ಜಿಎಸ್‌ಎಂ. ಬೇರೆ ಉಪಕರಣವೇ ಬೇಡ.

ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದು ‘300 ಜಿಎಸ್‌ಎಂ’ ಶೀಟುಗಳನ್ನು ಹದಿನಾರು ಎಣಿಸಿ ಇಟ್ಟೆವು. 248 ಗ್ರಾಂ. ಮತ್ತೆ ಎಣಿಸಿದೆವು, ಹದಿನಾರೇ. ಅಕ್ಕ ಅಷ್ಟು ದಿನ 300ಕ್ಕೆ ಒಗ್ಗುವ ಪ್ರಿಂಟರ್ ಹುಡುಕುತ್ತಿದ್ದರು, ಕೈಯಲ್ಲಿದ್ದದ್ದು 250.

ಹಾಗಾದರೆ ಅಷ್ಟು ಗಟ್ಟಿಯಾಗಿ ಯಾಕೆ ಅನ್ನಿಸುತ್ತಿತ್ತು? ಪಿಯು ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕರಾದ ಅವರ ನಾದಿನಿ ಪ್ರಯೋಗಾಲಯದ ಸ್ಕ್ರೂ ಗೇಜ್‌ನಲ್ಲಿ ಅಳೆದು ಕೊಟ್ಟರು. ಒರಟು ಶೀಟು 0.38 ಮಿ.ಮೀ. ನಾನು ಕೊಟ್ಟಿದ್ದ 300 ಜಿಎಸ್‌ಎಂ ಫೋಟೋ ಪೇಪರ್ 0.3 ಮಿ.ಮೀ. ತೂಕ ಕಡಿಮೆಯಿದ್ದ ಶೀಟೇ ಹೆಚ್ಚು ದಪ್ಪ! ಫೋಟೋ ಪೇಪರನ್ನು ಒತ್ತಿ ಒತ್ತಿ ಸಾಂದ್ರ ಮಾಡಿರುತ್ತಾರೆ, ಒರಟು ಶೀಟು ಹತ್ತಿಯಂತೆ ಉಬ್ಬಿರುತ್ತದೆ. ಪ್ರಿಂಟರಿನ ಕಿಂಡಿಗೆ ತಗಲುವುದು ದಪ್ಪ, ರೋಲರಿಗೆ ತಗಲುವುದು ಬಿಗುವು. ತೂಕ ಇವೆರಡರ ಸೂಚನೆ ಮಾತ್ರ. ಪ್ರಿಂಟರ್ ಪೆಟ್ಟಿಗೆಯ ಮೇಲೆ ‘300 ಜಿಎಸ್‌ಎಂ’ ಎಂದು ಬರೆದಿದ್ದರೆ ಅದು ಬಹಳ ಸಲ ಆ ಕಂಪನಿಯ ಸ್ವಂತ ಫೋಟೋ ಪೇಪರಿಗೆ ಹೇಳಿದ ಮಾತು. ಅದೇ ಯಂತ್ರದ ಕೈಪಿಡಿಯಲ್ಲಿ ಸಾದಾ ಕಾಗದದ ಮಿತಿ ಬೇರೆ ಸಾಲಿನಲ್ಲಿ, ಅದಕ್ಕಿಂತ ಬಹಳ ಕೆಳಗೆ ಇರುತ್ತದೆ.

ಅದೇ ದಿನ ಅಕ್ಕ ಇನ್ನೊಂದು ತೀರ್ಮಾನಕ್ಕೂ ಬಂದರು, ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತ್ಯಂತ ವಿವೇಕದ್ದು. 180, 220, 250ರ ಕಾರ್ಡುಗಳಲ್ಲಿ ಒಂದೇ ಮಾದರಿ ಪತ್ರಿಕೆ ಮಾಡಿ, ಮಡಿಸಿ, ಲಕೋಟೆಗೆ ಹಾಕಿ, ನೆರೆಮನೆಯ ಆರು ಮಂದಿಯ ಕೈಗೆ ಕೊಟ್ಟರು. 180 ಪೊಳ್ಳು ಎಂದು ಎಲ್ಲರೂ ಗುರುತಿಸಿದರು. 220ಕ್ಕೂ 250ಕ್ಕೂ ವ್ಯತ್ಯಾಸ ಹೇಳಿದವರು ಒಬ್ಬರೇ. ಮಡಿಸಿದ ಪತ್ರಿಕೆ ಎರಡು ಪದರವಾಗುತ್ತದೆ, ಲಕೋಟೆಯದೂ ಸೇರಿ ಕೈಗೆ ಭಾರ ಸಿಗುತ್ತದೆ. ಅಲ್ಲಿಂದಾಚೆ ಹುಡುಕಾಟ 220ಕ್ಕೆ ಇಳಿಯಿತು.

ಅಂಗಡಿಯಲ್ಲಿ

ಜಿಲ್ಲಾ ಕೇಂದ್ರದ ಅಂಗಡಿಗೆ ಇಬ್ಬರೂ ಹೋದೆವು. ಅಕ್ಕನ ಚೀಲದಲ್ಲಿ 220ರ ಒರಟು ಕಾರ್ಡು ಮೂವತ್ತು, 250ರದ್ದು ಹತ್ತು, ಒಂದು ಪೆನ್‌ಡ್ರೈವ್, ಸಣ್ಣ ಡಬ್ಬಿಯಲ್ಲಿ ಅರಿಶಿನ.

ಮಾರಾಟದ ಹುಡುಗ ಮೊದಲು ತೋರಿಸಿದ್ದು ಆರು ಬಣ್ಣದ ಫೋಟೋ ಪ್ರಿಂಟರ್. “ಮೇಡಂ, ಮುನ್ನೂರು ಜಿಎಸ್‌ಎಂ ಆರಾಮಾಗಿ ತೆಗೆದುಕೊಳ್ಳುತ್ತದೆ” ಎಂದ. ಅಕ್ಕ ಜಗಳವಾಡಲಿಲ್ಲ. “ಕೈಪಿಡಿಯಲ್ಲಿ ಆ ಪುಟ ತೋರಿಸಿ” ಎಂದರು. ಫೋನಿನಲ್ಲೇ ಕೈಪಿಡಿ ತೆರೆದ. 300 ಇದ್ದದ್ದು ಫೋಟೋ ಪೇಪರಿನ ಸಾಲಿನಲ್ಲಿ. ಹುಡುಗನೂ ಅದನ್ನು ಮೊದಲ ಸಲ ಗಮನಿಸಿದಂತಿತ್ತು. ಆಮೇಲೆ ಆತ ಬಹಳ ಸಹಕರಿಸಿದ. ಪ್ರದರ್ಶನಕ್ಕಿಟ್ಟ ಎರಡು ಯಂತ್ರಗಳಿಗೆ ಮಸಿ ತುಂಬಿತ್ತು, ಎರಡರಲ್ಲೂ ಹತ್ತತ್ತು ಕಾರ್ಡು ಹಾಕಲು ಬಿಟ್ಟ.

ಒಂದು ಆ ಫೋಟೋ ಪ್ರಿಂಟರ್, ಡೈ ಮಸಿ. ಇನ್ನೊಂದು ಕಚೇರಿ ಬಳಕೆಯದು, ನಾಲ್ಕು ಬಣ್ಣವೂ ಪಿಗ್ಮೆಂಟ್. ಎರಡಕ್ಕೂ ಹಿಂಭಾಗದಲ್ಲಿ ಕಾಗದ ನಿಲ್ಲಿಸುವ ತಟ್ಟೆ ಇತ್ತು. ಕಾರ್ಡು ಮೇಲಿನಿಂದ ಓರೆಯಾಗಿ ಇಳಿದು, ಸ್ವಲ್ಪವೇ ಬಾಗಿ, ಮುಂದೆ ಬರುತ್ತದೆ. ಹತ್ತರಲ್ಲಿ ಹತ್ತೂ ಎರಡರಲ್ಲೂ ಹೋದವು. 250ರದ್ದು ಮೊದಲನೆಯದರಲ್ಲಿ ಎರಡು ಸಲ, ಎರಡನೆಯದರಲ್ಲಿ ಮೂರು ಸಲ ಓರೆಯಾಯಿತು. ಬಣ್ಣದಲ್ಲಿ ಫೋಟೋ ಪ್ರಿಂಟರಿನ ಕೆಂಪು ಎಷ್ಟು ಸೊಗಸಾಗಿತ್ತೆಂದರೆ ಅಕ್ಕನ ಕಣ್ಣು ಅಲ್ಲೇ ನೆಟ್ಟಿತ್ತು. ಪಿಗ್ಮೆಂಟಿನ ಕೆಂಪು ಅದರ ಪಕ್ಕದಲ್ಲಿ ಸ್ವಲ್ಪ ಮಂದ.

ಕಾಲು ಗಂಟೆ ಒಣಗಲು ಬಿಟ್ಟು, ಅಕ್ಕ ಬಾಟಲಿಯ ನೀರಿನ ನಾಲ್ಕು ಹನಿಯಲ್ಲಿ ಅರಿಶಿನ ಕಲಸಿ, ಉಂಗುರ ಬೆರಳಿನಿಂದ ಎರಡೂ ಕಾರ್ಡಿನ ಮೂಲೆಗೆ ಹಚ್ಚಿದರು. ಡೈ ಕಾರ್ಡಿನಲ್ಲಿ ಬೆರಳು ಎತ್ತುವಷ್ಟರಲ್ಲಿ ಕೆಂಪು ಹರಿಯಿತು. ಪಿಗ್ಮೆಂಟ್ ಕಾರ್ಡಿನಲ್ಲಿ ಅರಿಶಿನ ಅರಿಶಿನವಾಗಿ, ಕೆಂಪು ಕೆಂಪಾಗಿ ನಿಂತಿತು. ಹುಡುಗ ಅಂಗಡಿಯ ಮಾಲೀಕರನ್ನು ಕರೆದು ತೋರಿಸಿದ. ಅಕ್ಕ ಎರಡನೆಯದನ್ನೇ ಕೊಂಡರು.

ಶ್ರಾವಣದ ಮಳೆ

ಕೊಂಡ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಶ್ರಾವಣದ ಮೊದಲ ಆರ್ಡರ್ ಅರವತ್ತು ಪತ್ರಿಕೆ. ಹೊರಗೆ ಹಗಲು ರಾತ್ರಿ ಮಳೆ. ಅರವತ್ತರಲ್ಲಿ ಹತ್ತೊಂಬತ್ತು ಹಾಳಾದವು. ಕೆಲವು ಓರೆ, ಕೆಲವಕ್ಕೆ ಅಂಚಿನಲ್ಲಿ ಮಸಿಯ ಗೀರು. ನನ್ನ ಆಯ್ಕೆಯೇ ತಪ್ಪಾಯಿತೇನೋ ಎಂದು ನನಗೂ ಆತಂಕವಾಯಿತು.

ಹೋಗಿ ನೋಡಿದರೆ ಕಾರ್ಡಿನ ಕಟ್ಟು ಕಿಟಕಿಯ ಬಳಿ ತೆರೆದಿತ್ತು. ಒಂದು ಹಾಳೆಯನ್ನು ಮೇಜಿನ ಮೇಲಿಟ್ಟೆ, ನಾಲ್ಕು ಮೂಲೆಯೂ ದೋಣಿಯಂತೆ ಎದ್ದು ನಿಂತಿದ್ದವು. ಮಲೆನಾಡಿನ ಮಳೆಗಾಲದಲ್ಲಿ ಹಪ್ಪಳ, ಉಪ್ಪು ಹೇಗೆ ಥಂಡಿ ಹಿಡಿಯುತ್ತವೋ ಕಾಗದವೂ ಹಾಗೆಯೇ. ಎದ್ದ ಅಂಚು ಮಸಿ ಸಿಂಪಡಿಸುವ ಹೆಡ್‌ಗೆ ತಗಲಿ ಗೀರು ಬೀಳುತ್ತಿತ್ತು. ಅಂದಿನಿಂದ ಕಾರ್ಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಲೆ ಭಾರ ಹೇರಿ, ಟ್ರಂಕಿನೊಳಗೆ ಇರುತ್ತದೆ. ಮುದ್ರಿಸುವಾಗ ಬೇಕಾದಷ್ಟೇ ಹೊರಗೆ. ಪ್ರಿಂಟರಿನ ಸೆಟ್ಟಿಂಗಿನಲ್ಲಿ ದಪ್ಪ ಕಾಗದಕ್ಕೆ ಹೆಡ್ ಮತ್ತು ಕಾಗದದ ನಡುವಿನ ಅಂತರ ಹೆಚ್ಚಿಸುವ ಆಯ್ಕೆ ಇತ್ತು, ಅದನ್ನು ಹಾಕಿದೆವು. ಹತ್ತು ಕಾರ್ಡು ಒಟ್ಟಿಗೆ ಇಡುವುದನ್ನು ಬಿಟ್ಟು ಒಂದೊಂದಾಗಿ ಕೊಡತೊಡಗಿದರು.

ಓರೆಯಾಗುವುದು ಆದರೂ ನಿಲ್ಲಲಿಲ್ಲ. ಅದಕ್ಕೆ ಕಾರಣ ನಾರಿನ ದಿಕ್ಕು. ಯಂತ್ರದಲ್ಲಿ ಮಾಡಿದ ಕಾಗದದ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತವೆ. ಬಾಗುವ ಗೆರೆ ನಾರಿನ ಗುಂಟ ಇದ್ದರೆ ಕಾಗದ ಸುಲಭವಾಗಿ ಬಾಗುತ್ತದೆ, ನಾರಿಗೆ ಅಡ್ಡವಾಗಿದ್ದರೆ ಸೆಟೆಯುತ್ತದೆ. ಎ4 ಕಾರ್ಡನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿದರೆ ಕೈಗೇ ತಿಳಿಯುತ್ತದೆ. ಅಕ್ಕನ ಕಾರ್ಡಿನಲ್ಲಿ ನಾರು ಉದ್ದಕ್ಕಿತ್ತು. ಪ್ರಿಂಟರಿಗೆ ಕಿರಿಯ ಅಂಚು ಮೊದಲು ಹೋಗುವುದರಿಂದ ರೋಲರಿಗೆ ಅದು ಸೆಟೆಯುತ್ತಿತ್ತು. ಮಧ್ಯಕ್ಕೆ ಮಡಿಸಿದಾಗಲೂ ನಾರು ಮುರಿದು ಮಡಿಕೆ ಬಿರಿಯುತ್ತಿತ್ತು. ನಾರು ಅಗಲಕ್ಕಿದ್ದರೆ ಎರಡೂ ತೊಂದರೆ ಒಟ್ಟಿಗೆ ಹೋಗುತ್ತವೆ. ಅಂದಿನಿಂದ ಅಕ್ಕ ಕತ್ತರಿಸಿದ ಎ4 ಕೊಳ್ಳುವುದನ್ನು ಬಿಟ್ಟು, ದೊಡ್ಡ ಹಾಳೆ ಕೊಂಡು, ಊರಿನ ಪ್ರೆಸ್ಸಿನ ಕಟಿಂಗ್ ಯಂತ್ರದಲ್ಲಿ ತಮಗೆ ಬೇಕಾದ ದಿಕ್ಕಿಗೆ ಕತ್ತರಿಸಿಕೊಳ್ಳುತ್ತಾರೆ. ಮಡಿಸುವ ಮೊದಲು ಉಕ್ಕಿನ ಅಳತೆಪಟ್ಟಿ ಇಟ್ಟು, ಮಸಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಗೆರೆ ಎಳೆಯುತ್ತಾರೆ. ಮಡಿಕೆ ಕತ್ತಿಯ ಅಲಗಿನಂತೆ ನೇರವಾಗಿ ಕೂರುತ್ತದೆ.

ಮುಂದಿನ ಅರವತ್ತು ಪತ್ರಿಕೆಯಲ್ಲಿ ಹಾಳಾದದ್ದು ಮೂರು.

ಈಗಿನ ಸ್ಥಿತಿ, ಮತ್ತು ನಾನು ಬದಲಿಸಿಕೊಂಡದ್ದು

ಎಲ್ಲವೂ ಬಗೆಹರಿದಿಲ್ಲ. ಒರಟು ಕಾರ್ಡು ಮಸಿ ಹೀರುವುದರಿಂದ ಒಂಬತ್ತು ಪಾಯಿಂಟಿನ ಒತ್ತಕ್ಷರ ತುಂಬಿಕೊಳ್ಳುತ್ತದೆ. ಅಕ್ಕ ಗಾತ್ರವನ್ನು ಹನ್ನೊಂದಕ್ಕೆ ಏರಿಸಿ, ತೆಳು ಗೆರೆಯ ಅಕ್ಷರ ಆರಿಸಿ, ಸಾಲುಗಳ ನಡುವೆ ಜಾಗ ಹೆಚ್ಚಿಸಿದ್ದಾರೆ. ಅದಕ್ಕಾಗಿ ಬಂಧುಮಿತ್ರರ ಹೆಸರಿನ ಪಟ್ಟಿಯನ್ನು ಮೊಟಕು ಮಾಡಿ ಎಂದು ಗಿರಾಕಿಗಳನ್ನು ಒಪ್ಪಿಸಬೇಕಾಗುತ್ತದೆ, ಇದು ಪ್ರಿಂಟರಿಗಿಂತ ಕಷ್ಟದ ಕೆಲಸ. ಇಡೀ ಹಿನ್ನೆಲೆ ಗಾಢ ಬಣ್ಣದ್ದಾದರೆ ಕಾರ್ಡು ನೆನೆದು ಸುರುಳುತ್ತದೆ. ಹೊಳಪಿನ ಆರ್ಟ್ ಕಾರ್ಡಿನ ಮೇಲೆ ಮಸಿ ಒಣಗುವುದಿಲ್ಲ, ಆ ಲೇಪ ಆಫ್‌ಸೆಟ್ ಮಸಿಗೆಂದು ಮಾಡಿದ್ದು. ಇಂಥವನ್ನೂ 300 ದಾಟಿದ ಕಾರ್ಡನ್ನೂ ಅವರು ಈಗಲೂ ಡಿಜಿಟಲ್ ಪ್ರೆಸ್ಸಿಗೇ ಕಳಿಸುತ್ತಾರೆ.

ನನ್ನ ಅಂಗಡಿಯಲ್ಲಿ ಬದಲಾದದ್ದು ಹೇಳುತ್ತೇನೆ. ‘ದಪ್ಪ ಕಾರ್ಡಿಗೆ ಯಾವ ಪ್ರಿಂಟರ್ ಒಳ್ಳೆಯದು’ ಎಂದು ಯಾರೇ ಕೇಳಿದರೂ ಮೊದಲು ಕಾರ್ಡು ತನ್ನಿ ಎನ್ನುತ್ತೇನೆ. ಹದಿನಾರು ಹಾಳೆ ತೂಗುತ್ತೇನೆ, ಎರಡು ಕಡೆ ಬಾಗಿಸುತ್ತೇನೆ, ಅದನ್ನು ಮಡಿಸುತ್ತೀರಾ, ಒದ್ದೆ ತಗಲುತ್ತದೆಯೇ, ಬಣ್ಣ ಬೇಕೇ ಎಂದು ಕೇಳುತ್ತೇನೆ. ಹಿಂಭಾಗದಿಂದ ಕಾಗದ ಕೊಡುವ ದಾರಿಯಿಲ್ಲದ ಯಂತ್ರವನ್ನು, ಬೆಲೆ ಎಷ್ಟೇ ಆಕರ್ಷಕವಾಗಿರಲಿ, ಈ ಕೆಲಸಕ್ಕೆ ಸೂಚಿಸುವುದಿಲ್ಲ. ಬರೀ ಕಪ್ಪು ಅಕ್ಷರದ, ನುಣುಪು ಕಾರ್ಡಿನ ಗುರುತಿನ ಚೀಟಿ, ಪ್ರಮಾಣಪತ್ರ ಮಾಡುವವರಿಗೆ ಲೇಸರನ್ನೇ ಹೇಳುತ್ತೇನೆ. ಅಕ್ಕನಿಗೆ ಸರಿಹೋಗದ್ದು ಅವರಿಗೆ ಸರಿಹೋಗುತ್ತದೆ.

ಕಳೆದ ವಾರ ಅಕ್ಕ ಫೋನ್ ಮಾಡಿದ್ದರು. ಒಂದು ಕಾರ್ಡು ಎರಡು ಸಲ ಜಾರಿತಂತೆ. ನಾನು ಬಾಯಿ ತೆರೆಯುವ ಮೊದಲೇ, “ರೋಲರ್ ಒರೆಸಿದೆ ತಮ್ಮಾ, ಈಗ ಹೋಗುತ್ತಿದೆ. ಬಟ್ಟೆಗೆ ಎಷ್ಟು ಬಿಳಿ ಪುಡಿ ಬಂತು ಗೊತ್ತೇ?” ಎಂದರು. ಹಿಂದೆ ಪ್ರಿಂಟರ್ ಸದ್ದು ಕೇಳುತ್ತಿತ್ತು, ಸೀಮಂತದ ಐವತ್ತು ಪತ್ರಿಕೆ ಸಂಜೆಯೊಳಗೆ ಮುಗಿಯಬೇಕಿತ್ತು.